ವಯಸ್ಸಿನ ಸವೆತ

ಜನವರಿ 9

ತಮ್ಮನಿಗೆ,

ಈ ಡಬ್ಬಿಯಲ್ಲಿ ಮೂರು ಚೂರುಗಳಿವೆ. ಬಿಸಾಡುವ ಮೊದಲು ಕಣ್ಣು ಬಿಟ್ಟು ನೋಡು. ನೀನು ಮಾಡಿ ಕಳಿಸಿದ ದವಡೆ ಹಲ್ಲಿನ ಕ್ಯಾಪು ಅದು. ಅದೇ ರೋಗಿಗೆ, ಅದೇ ಹಲ್ಲಿಗೆ, ಇದು ಮೂರನೆಯದು. ಮೊದಲನೆಯದು ಏಳು ತಿಂಗಳು ಬಾಳಿತು, ಎರಡನೆಯದು ಐದು, ಇದು ಮೂರೇ ತಿಂಗಳಿಗೆ ಕೈಕೊಟ್ಟಿತು. ನೀನೇನು ಸೀಮೆಸುಣ್ಣದಲ್ಲಿ ಹಲ್ಲು ಮಾಡುತ್ತೀಯಾ?

ಹನ್ನೊಂದು ವರ್ಷದಿಂದ ನಮ್ಮಿಬ್ಬರ ಮಧ್ಯೆ ಮಾತಿಲ್ಲ, ಇನ್ನು ಮೇಲೂ ಬೇಕಾಗಿಲ್ಲ. ಆದರೂ ನನ್ನ ಕ್ಲಿನಿಕ್ಕಿನ ಕೆಲಸವನ್ನು ಪಾರ್ಸೆಲ್ಲಿನಲ್ಲಿ ನಿನಗೇ ಕಳಿಸುತ್ತಿರುವುದನ್ನು ಅಣ್ಣನ ಮಮಕಾರ ಅಂದುಕೊಳ್ಳಬೇಡ. ನೀನು ಮಾಡಿದ ಕ್ಯಾಪಿನ ಅಂಚು ಒಸಡಿಗೆ ಸರಿಯಾಗಿ ಕೂರುತ್ತದೆ. ಈ ಊರಿನ ಲ್ಯಾಬಿನವರು ಮಾಡಿದ್ದು ಮಡಕೆಗೆ ತಟ್ಟೆ ಮುಚ್ಚಿದ ಹಾಗಿರುತ್ತದೆ. ಕಾರಣ ಅಷ್ಟೇ.

ಹಲ್ಲುಸಾಲಿನ ಹೊಸ ಅಚ್ಚು ತೆಗೆಸಿ ಕಳಿಸಿದ್ದೇನೆ, ಈ ಸಲ ಮೇಲಿನದು ಕೆಳಗಿನದು ಎರಡೂ ಪೂರ್ತಿ ಇದೆ. ರೋಗಿ ಗಂಡಸು, ಐವತ್ತು ದಾಟಿದ ಗೌರವಸ್ಥ, ಸುಮ್ಮನೆ ಸಹಿಸಿಕೊಳ್ಳುವ ಪೈಕಿ ಅಲ್ಲ. ವಿವರ ಚೀಟಿಯಲ್ಲಿದೆ: ವಯಸ್ಸಿನ ಸವೆತ, ಬೇರೇನಿಲ್ಲ. ನಾಲ್ಕನೆಯದೂ ಒಡೆದರೆ ಹಲ್ಲು ಮಾಡುವುದು ಬಿಟ್ಟು ಗೋಡೆಗೆ ಗಾರೆ ಹಚ್ಚಲು ಹೋಗು.

ಇತಿ,
ದಂತವೈದ್ಯ
(ಕ್ಲಿನಿಕ್ಕಿನ ಮೊಹರು)


ಜನವರಿ 21

ಮಾನ್ಯ ದಂತವೈದ್ಯರಿಗೆ,

ಮೊಹರು ಒತ್ತಿದ ಬೈಗುಳ ತಲುಪಿತು. ಬೈಯುವುದಕ್ಕೂ ಮೊಹರು ಒತ್ತುವ ಮನುಷ್ಯರು ತಾವೊಬ್ಬರೇ ಇರಬೇಕು.

ಗಾರೆಯ ಮಾತು ಹಳತಾಯಿತು. ತಮ್ಮ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ನಾನು ಹಲ್ಲು ಮಾಡುತ್ತಿದ್ದ ಕಾಲದಲ್ಲಿ, ಬಣ್ಣ ಹೊಂದಿಸಲೆಂದು ಒಮ್ಮೆ ಹೊರಗೆ ಬಂದಿದ್ದೆ. ಕುರ್ಚಿಯಲ್ಲಿದ್ದ ರೋಗಿಗೆ ತಾವು, "ಇವನು ನಮ್ಮ ಗಾರೆಯವನು, ಇವನನ್ನೇನು ಕೇಳ್ತೀರಿ, ನನ್ನ ಕೇಳಿ" ಅಂದಿರಿ. ರೋಗಿ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ನಕ್ಕ. ಅದೇ ಸಂಜೆ ನಾನು ಗಂಟುಮೂಟೆ ಕಟ್ಟಿದೆ. ಹನ್ನೊಂದು ವರ್ಷದಲ್ಲಿ ತಮಗೆ ಹೊಸ ಬೈಗುಳ ಹೊಳೆಯಲಿಲ್ಲವೆಂದರೆ ಬೇಸರದ ವಿಷಯ.

ಕ್ಯಾಪಿನ ಮಾತಿಗೆ ಬರೋಣ. ಅದು ತಾನಾಗಿ ಒಡೆಯಲಿಲ್ಲ, ತಮ್ಮ ಗೌರವಸ್ಥರು ಕಡಿದು ಒಡೆದಿದ್ದಾರೆ. ಅವರ ಅಚ್ಚಿನಲ್ಲಿ ಕೋರೆಹಲ್ಲಿಗೆ ಕೂಡ ಚೂಪಿಲ್ಲ, ಎಲ್ಲವೂ ಉಜ್ಜಿದ ಹಾಗೆ ಮಟ್ಟಸವಾಗಿವೆ. ಕೆಳಗಿನ ದವಡೆಯನ್ನು ಪಕ್ಕಕ್ಕೆ ಸರಿಸಿ ಹಿಡಿದರೆ ಮೇಲಿನ ಸವೆತಕ್ಕೂ ಕೆಳಗಿನ ಸವೆತಕ್ಕೂ ತಾಳೆಯಾಗುತ್ತದೆ. ಎಚ್ಚರವಿರುವ ಮನುಷ್ಯ ಹಾಗೆ ಅಗಿಯುವುದಿಲ್ಲ. ಅದು ನಿದ್ದೆಯಲ್ಲಿ ಕಡಿದದ್ದು. ಅಂಗುಳ ಕಿರಿದಾಗಿ ಮೇಲಕ್ಕೆದ್ದಿದೆ, ಕೆಳದವಡೆ ಹಿಂದೆ ಸರಿದಿದೆ. ಅಂಥ ಬಾಯಲ್ಲಿ ನಾಲಿಗೆಗೆ ಜಾಗವೆಲ್ಲಿ?

ಇಲ್ಲಿ ನಿದ್ದೆಯ ಕಾಯಿಲೆ ನೋಡುವ ಡಾಕ್ಟರೊಬ್ಬರಿದ್ದಾರೆ. ಅವರ ರೋಗಿಗಳಿಗೆ ರಾತ್ರಿ ದವಡೆಯನ್ನು ಮುಂದಕ್ಕೆ ಹಿಡಿದಿಡುವ ಪಟ್ಟಿಗಳನ್ನು ನಾನು ಮಾಡಿಕೊಡುತ್ತೇನೆ. ಅವರು ನನ್ನಂಥ ಗಾರೆಯವನನ್ನೂ ಕೂರಿಸಿಕೊಂಡು ಮಾತಾಡುತ್ತಾರೆ. ಅವರಿಂದ ಕಲಿತದ್ದು ಇದು: ಮಲಗಿದಾಗ ಕೆಲವರ ಗಂಟಲು ಮುಚ್ಚಿಕೊಂಡು ಉಸಿರು ನಿಂತುಹೋಗುತ್ತದೆ. ಮೈ ಗಾಬರಿಬಿದ್ದು ದವಡೆ ಕಡಿದು ಮತ್ತೆ ಉಸಿರೆಳೆಯುತ್ತದೆ. ಒಂದೇ ರಾತ್ರಿಯಲ್ಲಿ ನೂರಾರು ಸಲ. ಸ್ಲೀಪ್ ಅಪ್ನಿಯಾ ಅನ್ನುತ್ತಾರೆ. ಬಿಟ್ಟರೆ ರಕ್ತದೊತ್ತಡ, ಹೃದಯ, ಪಾರ್ಶ್ವವಾಯು. ಹಲ್ಲು ಕಡಿಯುವವರೆಲ್ಲರಿಗೂ ಇದು ಇರುವುದಿಲ್ಲ. ಆದರೆ ಇಂಥ ಬಾಯಿ ಕಂಡ ಮೇಲೂ ಕೇಳದೆ ಬಿಡುವುದು ಮೂರ್ಖತನ.

ಆದ್ದರಿಂದ ದಯವಿಟ್ಟು ರೋಗಿಯನ್ನು ಕೇಳಿ. ಗೊರಕೆ ಉಂಟೇ, ಬೆಳಿಗ್ಗೆ ತಲೆನೋವೇ, ಬಾಯಿ ಒಣಗುತ್ತದೆಯೇ, ಕೂತಲ್ಲೇ ತೂಕಡಿಸುತ್ತಾರೆಯೇ. ನಾಲಿಗೆ ಹೊರಗೆ ಚಾಚಿಸಿ, ಅದರ ಅಂಚಿನಲ್ಲಿ ಹಲ್ಲಿನ ಗುರುತು ಸಾಲಾಗಿ ಬಿದ್ದಿದೆಯೇ ನೋಡಿ. ಹೃದಯದ ಡಾಕ್ಟರು ಎದೆಗೆ ಕಿವಿ ಕೊಟ್ಟು ಕಳಿಸುತ್ತಾರೆ. ಅರ್ಧ ಗಂಟೆ ದೀಪ ಹಾಕಿಕೊಂಡು ಬಾಯೊಳಗೆ ಇಣುಕುವವರು ತಾವು ಮಾತ್ರ. ಇಣುಕಿಯೂ ಕಾಣದಿದ್ದರೆ ಆ ದೀಪದ ಕರೆಂಟು ದಂಡ.

ನಾಲ್ಕನೆಯ ಕ್ಯಾಪು ಇದರ ಜೊತೆಗಿದೆ. ಇದೂ ಒಡೆಯುತ್ತದೆ.

ತಮ್ಮ ವಿಧೇಯ,
ಗಾರೆಯವನು


ಫೆಬ್ರವರಿ 2

ತಮ್ಮನಿಗೆ,

ಓದಿ ನಕ್ಕೆ. ಇಪ್ಪತ್ತಾರು ವರ್ಷ ಬಾಯಿ ನೋಡಿದವನಿಗೆ, ಬಾಯಿಯನ್ನೇ ನೋಡದೆ ಬರೀ ಪ್ಲಾಸ್ಟರ್ ತಡವಿದವನು ಪಾಠ ಹೇಳುತ್ತಾನೆ. ಯಾರೋ ಡಾಕ್ಟರು ಒಂದು ಲೋಟ ಕಾಫಿ ಕೊಟ್ಟು ನಾಲ್ಕು ದೊಡ್ಡ ಪದ ಹೇಳಿಕೊಟ್ಟರೆ ನೀನೂ ಡಾಕ್ಟರಾಗಿಬಿಟ್ಟೆಯಾ? ನಾಳೆ ನನ್ನ ಚಪ್ಪಲಿ ಹೊಲಿಯುವವನು ಅಟ್ಟೆ ನೋಡಿ ನನ್ನ ಕಿಡ್ನಿಯ ವಿಷಯ ಹೇಳಬಹುದು.

ಗೊರಕೆ ಹೊಡೆಯದ ಗಂಡಸು ಯಾರಿದ್ದಾರೆ? ಊಟವಾದ ಮೇಲೆ ತೂಕಡಿಸದವರು ಯಾರು? ಹಲ್ಲು ಸವೆಯುತ್ತದೆ, ಮೊಣಕಾಲು ಸವೆಯುತ್ತದೆ, ಇನ್ನೊಬ್ಬರ ತಾಳ್ಮೆಯೂ ಸವೆಯುತ್ತದೆ. ಇದಕ್ಕೆಲ್ಲ ಕಾಯಿಲೆಯ ಹೆಸರಿಟ್ಟು ನನ್ನ ರೋಗಿಯ ತಲೆಕೆಡಿಸಬೇಡ.

ಹೇಳಿದಷ್ಟು ಮಾಡು. ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಮಾಮೂಲಿ ಕಾಪು, ಮೇಲಿನ ಸಾಲಿಗೆ, ಎರಡು ಮಿಲಿಮೀಟರ್ ದಪ್ಪ. ಕಡಿದರೆ ಅದನ್ನು ಕಡಿಯಲಿ, ಕ್ಯಾಪು ಉಳಿಯುತ್ತದೆ. ಜೊತೆಗೆ ಕಾಗದ ಬೇಡ.

ದಂತವೈದ್ಯ
(ಮೊಹರು)


ಫೆಬ್ರವರಿ 15

ಅಣ್ಣ,

ಬಹುವಚನ ಸಾಕು. ಅಷ್ಟು ಮರ್ಯಾದೆ ಕೊಟ್ಟು ಬೈಯುವುದು ನನಗೂ ಸುಸ್ತು.

ಕಾಪು ಮಾಡುವುದಿಲ್ಲ. ಕ್ಯಾಪು ಉಳಿಯುತ್ತದೆ, ನೀನು ಉಳಿಯುವುದಿಲ್ಲ.

ಹೌದು, ನೀನೇ. ಮೇಲಿನ ಮುಂದಿನ ಹಲ್ಲಿನ ಎಡ ಮೂಲೆ ಚೂರು ಹಾರಿದೆಯಲ್ಲ, ಅದನ್ನು ಹಾರಿಸಿದವನು ನಾನು. ನನಗೆ ಆರು ವರ್ಷ, ನಿನಗೆ ಹನ್ನೆರಡು. ಬಚ್ಚಲ ಬಾಗಿಲಿನ ಸಂದಿಯಿಂದ ನೀನು ನನ್ನನ್ನು ಅಣಕಿಸುತ್ತಿದ್ದೆ, ನಾನು ಬಾಗಿಲು ದೂಡಿದೆ. ಆ ಚೂರನ್ನು ಹುಡುಕಿ ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡು ಒಂದು ವಾರ ನನ್ನನ್ನು ಹೆದರಿಸಿದವನು ನೀನು. ಅದರ ಆಕಾರ ನನಗೆ ಗೊತ್ತಿಲ್ಲವೇ? ಇಷ್ಟು ದಿನ ಒಂದು ಮೂಲೆಯ ಅಚ್ಚು ಕಳಿಸುತ್ತಿದ್ದೆ, ಈ ಸಲ ಪೂರ್ತಿ ಬಾಯಿ ಕಳಿಸಿ ಸಿಕ್ಕಿಬಿದ್ದೆ. ಗೌರವಸ್ಥನಂತೆ. ತನ್ನ ಬಾಯಿಗೆ ತಾನೇ ಬಿರುದು ಕೊಟ್ಟುಕೊಂಡು ಪಾರ್ಸೆಲ್ ಮಾಡುವ ದಂತವೈದ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಪ್ಪನನ್ನು ನೆನೆಸಿಕೋ. ಗಡಿಯಾರದ ಅಂಗಡಿಯಲ್ಲಿ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ನಿದ್ದೆ ಹೋಗುತ್ತಿದ್ದ. ಗಿರಾಕಿಗಳು ಕೆಮ್ಮಿ ಎಬ್ಬಿಸುತ್ತಿದ್ದರು. ಅವನ ಗೊರಕೆ ತಾಳಲಾರದೆ ಅಮ್ಮ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡಳು. ನಾವಿಬ್ಬರು ಅವನ ಪಕ್ಕ ಮಲಗಿ ಆಟ ಆಡುತ್ತಿದ್ದೆವು, ನೆನಪಿದೆಯೇ? ಗೊರಕೆ ನಿಂತ ಕೂಡಲೇ ಎಣಿಸುವುದು. ಮತ್ತೆ ಹೊಡೆದುಕೊಂಡ ಹಾಗೆ ಉಸಿರು ಬರುವವರೆಗೆ. ನಲವತ್ತಾರಕ್ಕೆ ಹೋದದ್ದು ದಾಖಲೆ, ಎಣಿಸಿದವನು ನೀನು. ಬೆಳಿಗ್ಗೆ ಅಪ್ಪನಿಗೆ ಹೇಳಿದರೆ, "ನನ್ನ ಗಡಿಯಾರ ನಿಲ್ಲುತ್ತೆ, ಮತ್ತೆ ನಡೆಯುತ್ತೆ" ಅಂತ ನಕ್ಕ. ಐವತ್ತಮೂರನೆಯ ವರ್ಷ ಮಲಗಿದವನು ಏಳಲಿಲ್ಲ. ನಿನಗೆ ಈಗ ಐವತ್ತೆರಡು.

ನಿನ್ನ ಮೇಲೆ ನನಗೆ ಪ್ರೀತಿ ಉಕ್ಕಿ ಬಂದು ಇದನ್ನು ಬರೆಯುತ್ತಿಲ್ಲ. ಅಷ್ಟು ದೊಡ್ಡ ಅಹಂಕಾರ ಬಾಯಿ ತೆರೆದುಕೊಂಡು ಸತ್ತುಹೋದರೆ ಬೈಯಲು ನನಗೆ ಯಾರೂ ಇರುವುದಿಲ್ಲ. ಹೋಗಿ ನಿದ್ದೆಯ ಪರೀಕ್ಷೆ ಮಾಡಿಸಿಕೋ.

ನಿನ್ನ ತಮ್ಮ


ಏಪ್ರಿಲ್ 2

ಲ್ಯಾಬಿನ ಮಾಲೀಕರಿಗೆ,

ಇನ್ನು ಮುಂದೆ ನಮ್ಮ ಕ್ಲಿನಿಕ್ಕಿಗೆ ತಮ್ಮ ಸೇವೆಯ ಅಗತ್ಯವಿಲ್ಲ. ಖಾಲಿ ಡಬ್ಬಿಗಳನ್ನು ಹಿಂದಿರುಗಿಸಬೇಕು. ಕಾಪನ್ನು ಊರಿನ ಲ್ಯಾಬಿನಲ್ಲಿಯೇ ಮಾಡಿಸಲಾಗಿದೆ, ಬಹಳ ಚೆನ್ನಾಗಿ ಕೂತಿದೆ.

ದಂತವೈದ್ಯ
(ಮೊಹರು)


ಏಪ್ರಿಲ್ 19

ಮರಿ,

ನಲವತ್ತಾರು ವರ್ಷದವನನ್ನ ಮರಿ ಅಂತಾಳಲ್ಲ ಅತ್ತಿಗೆ ಅಂತ ನಗಬೇಡ. ನಿಮ್ಮಣ್ಣನಿಗೆ ಗೊತ್ತಿಲ್ಲದ ಹಾಗೆ ಬರೀತಿದ್ದೀನಿ. ನಿನ್ನ ಫೆಬ್ರವರಿ ಕಾಗದ ಅವರ ಮೇಜಿನ ಖಾನೆಯಲ್ಲಿ ಸಿಕ್ತು. ಹರಿದು ಹಾಕಿದ್ದಾರೆ, ಆದ್ರೆ ಚೂರುಗಳನ್ನ ಬಿಸಾಡಿಲ್ಲ. ನಾನು ಅಂಟಿಸಿ ಓದಿದೆ.

ನಾನು ಬೇರೆ ಕೋಣೇಲಿ ಮಲಗೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ನೆಂಟರು ಬಂದ್ರೆ ನನಗೆ ಸೊಂಟನೋವು ಅಂತ ಸುಳ್ಳು ಹೇಳ್ತೀನಿ. ನಿನ್ನ ಕಾಗದ ಓದಿದ ಮೇಲೆ ಅವರ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತೆ. ಎಣಿಸಿದೆ. ಐವತ್ತು ದಾಟಿದ ಮೇಲೆ ಎಣಿಸೋಕೆ ಆಗ್ಲಿಲ್ಲ, ಹೋಗಿ ಅಲ್ಲಾಡಿಸಿದೆ. "ಏನು ನಿಂದು, ನಿದ್ದೆ ಕೆಡಿಸ್ತೀಯ" ಅಂತ ಬೈದು ಮತ್ತೆ ಮಲಗಿದ್ರು. ಆ ಕಾಪು ಹಾಕ್ಕೊಂಡ ಮೇಲೆ ಕಡಿಯೋ ಸದ್ದು ಮಾತ್ರ ನಿಂತಿದೆ, ಉಸಿರು ನಿಲ್ಲೋದು ನಿಂತಿಲ್ಲ. ಹೆಚ್ಚೇ ಆಗಿದೆ ಅನ್ಸುತ್ತೆ ನನಗೆ.

ಹೋದ ವಾರ ಕ್ಲಿನಿಕ್ಕಲ್ಲಿ ಒಬ್ಬ ಹೆಂಗಸಿನ ಹಲ್ಲು ಕೊರೀತಾ ಇದ್ದಾಗ ತೂಕಡಿಸಿಬಿಟ್ರು. ಡ್ರಿಲ್ ಕೈಯಲ್ಲೇ ಇತ್ತು. ಆ ಹೆಂಗಸು ಮುಖ ತಿರುಗಿಸಿದ್ದಕ್ಕೆ ತುಟಿ ಒಂದು ಗೆರೆ ಸೀಳಿ ಬಚಾವಾಯ್ತು. "ನೀವು ಅಲ್ಲಾಡಿದ್ರಿ" ಅಂತ ಅವಳಿಗೇ ಜೋರು ಮಾಡಿದ್ರು. ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು ಮರಿ, ಅವರ ಗರ್ವ ನೋಡಿದ್ದೀನಿ, ಸಹಿಸಿದ್ದೀನಿ. ಅವತ್ತು ಮೊದಲನೇ ಸಲ ನನಗೆ ಅವರನ್ನ ಕಂಡ್ರೆ ಅಸಹ್ಯ ಆಯ್ತು. ಮನೆಗೆ ಬಂದ ಮೇಲೆ ಭಯ ಆಯ್ತು.

ನಾನು ಹೇಳಿದ್ರೆ ಕೇಳಲ್ಲ. ನೀನು ಹೇಳಿದ್ರಂತೂ ಉಲ್ಟಾ ಮಾಡ್ತಾರೆ. ಅವರು ಯಾರ ಮಾತು ಕೇಳ್ತಾರೋ ಅಂಥವರನ್ನ ಯಾರನ್ನಾದ್ರೂ ಹುಡುಕು.

ಅತ್ತಿಗೆ


ಏಪ್ರಿಲ್ 27

ಅಣ್ಣ,

ಖಾಲಿ ಡಬ್ಬಿ ಕೇಳಿದ್ದೆಯಲ್ಲ, ಕಳಿಸಿದ್ದೇನೆ. ಒಂದು ಮಾತ್ರ ಖಾಲಿ ಇಲ್ಲ.

ಅದರಲ್ಲಿರುವುದು ಅಪ್ಪನ ಬಾಯಿ. ನೀನು ಕಾಲೇಜಿನ ಕೊನೆಯ ವರ್ಷದಲ್ಲಿ ಅಭ್ಯಾಸಕ್ಕೆಂದು ಅಪ್ಪನನ್ನು ಕೂರಿಸಿ ಅಚ್ಚು ತೆಗೆದೆ. ನಾನು ಆಗಷ್ಟೇ ಲ್ಯಾಬಿಗೆ ಸೇರಿದ್ದೆ, ನಾನು ಎರೆದ ಮೊದಲ ಪ್ಲಾಸ್ಟರ್ ಅದು. ಇಪ್ಪತ್ತೆಂಟು ವರ್ಷ ನನ್ನ ಕಪಾಟಿನ ಮೇಲಿತ್ತು. ನಿನ್ನ ಅಚ್ಚನ್ನೂ ಜೊತೆಗೆ ಕಟ್ಟಿದ್ದೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು. ಯಾವುದು ಯಾರದು ಅಂತ ಹೇಳಲು ನಿನಗೆ ಆ ಒಡೆದ ಮೂಲೆ ಬೇಕಾಗುತ್ತದೆ.

ಅಪ್ಪನ ಅಚ್ಚಿಗೆ ಒಂದು ಚೀಟಿ ಕಟ್ಟಿದೆ. ಕೈಬರಹ ನಿನ್ನದು. ನಾಲ್ಕು ತಿಂಗಳ ನಂತರ ಅವನು ಹೋದ. ಇದರಿಂದಲೇ ಹೋದನೋ ಯಾರಿಗೂ ಗೊತ್ತಿಲ್ಲ. ನಿನಗೆ ಆಗ ಯಾರೂ ಇದನ್ನು ಕಲಿಸಿರಲಿಲ್ಲ, ಅದೂ ನನಗೆ ಗೊತ್ತು. ಆದರೆ ಈಗ ಗೊತ್ತಾದ ಮೇಲೂ ಅದೇ ಮೂರು ಪದ ಬರೆಯುತ್ತೀಯಲ್ಲ, ಅದಕ್ಕೆ ಏನು ಹೇಳಲಿ?

ನನ್ನ ಮಾತು ಬೇಡ. ಅಪ್ಪನ ಬಾಯಿ ಹೇಳಿದ್ದನ್ನಾದರೂ ಕೇಳು.

ತಮ್ಮ


ಜುಲೈ 11

ತಮ್ಮನಿಗೆ,

ಚೀಟಿಯಲ್ಲಿ ಇದ್ದದ್ದು: "ವಯಸ್ಸಿನ ಸವೆತ, ಬೇರೇನಿಲ್ಲ." ಮಸಿ ಮಾಸಿದೆ, ಆದರೆ ಅಕ್ಷರದ ಸೊಕ್ಕು ಹಾಗೇ ಇದೆ. ಬರೆಯುವಾಗ ನನಗೆ ಇಪ್ಪತ್ತನಾಲ್ಕು ವರ್ಷ. ಅಪ್ಪ ಕುರ್ಚಿಯಿಂದ ಎದ್ದು ಬಾಯಿ ಒರೆಸಿಕೊಂಡು, "ಏನಂತೆ ಡಾಕ್ಟ್ರೇ?" ಅಂತ ಕೇಳಿದ್ದ. ನನ್ನನ್ನು ಡಾಕ್ಟರೇ ಅಂತ ಕರೆದ ಮೊದಲನೆಯ ಮನುಷ್ಯ ಅವನು. ನಾನು, "ಏನಿಲ್ಲ ಹೋಗಪ್ಪ" ಅಂದೆ.

ಎರಡು ಅಚ್ಚುಗಳನ್ನೂ ಮೇಜಿನ ಮೇಲೆ ಇಟ್ಟುಕೊಂಡು ಒಂದು ವಾರ ನಿನ್ನನ್ನು ಬೈದೆ. ಆಮೇಲೆ ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿದೆ. ಅಂಚಿನ ಉದ್ದಕ್ಕೂ ಹಲ್ಲಿನ ಗುರುತು, ಕಚ್ಚಿ ಬಿಟ್ಟ ರೊಟ್ಟಿಯ ಹಾಗೆ. ಅದನ್ನು ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ನೋಡುತ್ತಿದ್ದವನು ನಾನು.

ಪರೀಕ್ಷೆ ಆಯಿತು. ತಲೆಗೆ, ಎದೆಗೆ, ಕಾಲಿಗೆ ವೈರು ಅಂಟಿಸಿ ಮಲಗಿಸಿದರು. ಗಂಟೆಗೆ ನಲವತ್ತೊಂದು ಸಲ ಉಸಿರು ನಿಲ್ಲುತ್ತದೆ. ಅತಿ ದೊಡ್ಡದು ಎಪ್ಪತ್ತೆರಡು ಸೆಕೆಂಡು. ಅಪ್ಪನ ದಾಖಲೆ ಮುರಿದೆ ಅಂತ ನಿನ್ನ ಅತ್ತಿಗೆಗೆ ಹೇಳಿದರೆ ಅವಳು ನಗಲಿಲ್ಲ. ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ ನನ್ನ ಬಾಯಿ ತೆರೆಸಿ ಮೂರೇ ಸೆಕೆಂಡು ನೋಡಿ, "ಇದನ್ನ ಯಾರಾದ್ರೂ ಹಲ್ಲಿನ ಡಾಕ್ಟ್ರು ನೋಡಿದ್ರೆ ಹತ್ತು ವರ್ಷದ ಹಿಂದೇನೇ ಅನುಮಾನ ಪಡ್ತಿದ್ರಲ್ಲ. ನೀವು ಯಾರ ಹತ್ರ ತೋರಿಸ್ತೀರಿ?" ಅಂದರು. "ಒಬ್ಬ ಅಯೋಗ್ಯನ ಹತ್ರ" ಅಂದೆ.

ಈಗ ರಾತ್ರಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗುತ್ತೇನೆ, ಪಕ್ಕದಲ್ಲಿ ಗಾಳಿಯ ಯಂತ್ರ. ನೋಡಲು ಅಸಹ್ಯ. ನಿನ್ನ ಅತ್ತಿಗೆ ವಾಪಸ್ಸು ಬಂದು ಪಕ್ಕದಲ್ಲಿ ಮಲಗಿದ್ದಾಳೆ, ಅವಳ ಸೊಂಟನೋವು ವಾಸಿಯಾಯಿತಂತೆ. ಎಷ್ಟೋ ವರ್ಷದ ಮೇಲೆ ಕನಸು ಬಿತ್ತು. ನಿನ್ನ ದವಡೆ ಪಟ್ಟಿ ನನ್ನಂಥ ಜೋರಿನ ಕೇಸಿಗೆ ಸಾಲದಂತೆ, ಆದ್ದರಿಂದ ನೀನು ಬೀಗಬೇಡ. ಏಪ್ರಿಲ್‌ನಲ್ಲಿ ಡ್ರಿಲ್ ಹಿಡಿದೇ ತೂಕಡಿಸಿ ಒಬ್ಬ ಹೆಂಗಸಿನ ತುಟಿ ಸೀಳಿದ್ದೆ, ಅವಳ ಮನೆಗೂ ಹೋಗಿ ಕ್ಷಮೆ ಕೇಳಿದೆ. ಅವಳು ಬಾಗಿಲು ಪೂರ್ತಿ ತೆರೆಯಲಿಲ್ಲ, ಅದು ಸರಿಯೇ.

ಹೇಳಬೇಕಾದದ್ದು ಬೇರೆ ಇದೆ. ನನ್ನ ಹಳೆಯ ರೋಗಿಗಳ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಓದಿದೆ. ಆ ಮೂರು ಪದಗಳನ್ನು ಮುನ್ನೂರ ಹದಿನೇಳು ಕಡೆ ಬರೆದಿದ್ದೇನೆ. ಅದರಲ್ಲಿ ಒಬ್ಬನಿಗೆ ಇಪ್ಪತ್ತೊಂಬತ್ತು ವರ್ಷ. ಇಪ್ಪತ್ತೊಂಬತ್ತಕ್ಕೆ ವಯಸ್ಸಿನ ಸವೆತ ಅಂತ ಬರೆದು ಕೈ ತೊಳೆದುಕೊಂಡು ಊಟಕ್ಕೆ ಹೋಗಿದ್ದೇನೆ. ಎಲ್ಲರಿಗೂ ಈ ಕಾಯಿಲೆ ಇರಲಿಕ್ಕಿಲ್ಲ. ಎಷ್ಟು ಜನರಿಗಿತ್ತು ಅಂತ ನನಗೆ ಗೊತ್ತಿಲ್ಲ, ಯಾಕೆಂದರೆ ನಾನು ಕೇಳಲಿಲ್ಲ.

ಒಬ್ಬೊಬ್ಬರಿಗೂ ಕಾಗದ ಬರೆಯುತ್ತಿದ್ದೇನೆ: ಒಮ್ಮೆ ಬನ್ನಿ, ನಾನು ಸರಿಯಾಗಿ ನೋಡಿರಲಿಲ್ಲ. ಅರವತ್ತು ಕಾಗದ ಹೋಗಿವೆ. ಇಪ್ಪತ್ತೆರಡು ಜನ ಬಂದರು, ಎಂಟು ಜನರನ್ನು ಪರೀಕ್ಷೆಗೆ ಕಳಿಸಿದೆ. ಒಂಬತ್ತು ಕಾಗದ ವಿಳಾಸ ಸಿಗದೆ ವಾಪಸ್ಸು ಬಂದವು. ಒಂದಕ್ಕೆ ರೋಗಿಯ ಹೆಂಡತಿ ಉತ್ತರ ಬರೆದಿದ್ದಾಳೆ. ಎರಡೇ ಸಾಲು. "ನಮ್ಮವರು ಹೋಗಿ ಆರು ವರ್ಷ ಆಯಿತು, ಮಲಗಿದ್ದವರು ಏಳಲಿಲ್ಲ. ನೀವು ಈಗ ಯಾಕೆ ಕರೆಯುತ್ತಿದ್ದೀರಿ?"

ಮೂರು ದಿನದಿಂದ ಅದು ನನ್ನ ಜೇಬಿನಲ್ಲಿದೆ. ಏನು ಬರೆಯಲಿ ಹೇಳು.

ಅಣ್ಣ


ಜುಲೈ 24

ಅಣ್ಣ,

ಸಮಾಧಾನ ಮಾಡು ಅಂತ ಕೇಳಿದ್ದರೆ ತಪ್ಪು ವಿಳಾಸಕ್ಕೆ ಬರೆದಿದ್ದೀಯ. ನೀನು ದೊಡ್ಡ ಮೂರ್ಖ, ಇಪ್ಪತ್ತಾರು ವರ್ಷ ಪಟ್ಟುಹಿಡಿದು ಮೂರ್ಖನಾಗಿದ್ದೆ. ಈಗ ಕಾಗದ ಬರೆಯುತ್ತಿದ್ದೀಯ ಅಂತ ಅದು ಅಳಿಸಿಹೋಗುವುದಿಲ್ಲ. ಉಳಿದ ಇನ್ನೂರ ಐವತ್ತೇಳು ಬರೆ.

ಎರಡು ಸಾಲು ಬರೆದ ಆ ಹೆಂಡತಿಗೆ ನಿಜ ಬರೆ. ನಾನು ನೋಡಬೇಕಿತ್ತು, ನೋಡಲಿಲ್ಲ ಅಂತ. ಮೊಹರು ಒತ್ತಬೇಡ.

ನಾನೇನೂ ಬೀಗುತ್ತಿಲ್ಲ. ಅಪ್ಪನ ಅಚ್ಚನ್ನು ಇಪ್ಪತ್ತೆಂಟು ವರ್ಷ ಕಪಾಟಿನ ಮೇಲೆ ಇಟ್ಟುಕೊಂಡು ದಿನಾ ಧೂಳು ಒರೆಸಿದವನು ನಾನು. ಆ ನಿದ್ದೆಯ ಡಾಕ್ಟರಿಗೆ ದವಡೆ ಪಟ್ಟಿ ಮಾಡಿಕೊಡಲು ಹಿಡಿದು ಆರು ವರ್ಷವಾಯಿತು. ಅವರು ಹೇಳಿಕೊಟ್ಟದ್ದನ್ನೆಲ್ಲ ಊರವರ ಬಾಯಲ್ಲಿ ಹುಡುಕಿದೆ, ಕಪಾಟಿನ ಕಡೆ ತಿರುಗಿ ನೋಡಿದ್ದು ನಿನ್ನ ಅಚ್ಚು ಬಂದ ಮೇಲೆ. ನಾವಿಬ್ಬರೂ ಒಂದೇ ಮನೆಯ ಮಕ್ಕಳು.

ಇನ್ನೊಂದು ವಿಷಯ. ಈ ಡಬ್ಬಿಯಲ್ಲಿರುವ ಅಚ್ಚು ನನ್ನದು. ಊರೆಲ್ಲರ ಬಾಯಿ ಎರೆದವನು ನನ್ನದನ್ನು ಒಮ್ಮೆಯೂ ತೆಗೆದಿರಲಿಲ್ಲ. ಭಾನುವಾರ ತೆಗೆದೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ತಿರುಗಿಸಿ ನೋಡಲು ಧೈರ್ಯ ಬರಲಿಲ್ಲ, ಬಟ್ಟೆ ಸುತ್ತಿ ಹಾಗೇ ಕಟ್ಟಿದ್ದೇನೆ. ಕೆಲವು ತಿಂಗಳಿಂದ ಬೆಳಿಗ್ಗೆ ತಲೆ ಭಾರ. ಹೋದ ವಾರ ಬಿಸಿ ಮೇಣದ ಎದುರಿಗೇ ಕಣ್ಣು ಮುಚ್ಚಿತ್ತು, ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಗೊರಕೆ ಹೊಡೆಯುತ್ತೇನೋ ಇಲ್ಲವೋ, ಅದೂ ಗೊತ್ತಿಲ್ಲ. ನಿನಗೆ ಅತ್ತಿಗೆ ಇದ್ದಾಳೆ, ಅಪ್ಪನಿಗೆ ನಾವಿದ್ದೆವು. ನಾನು ಲ್ಯಾಬಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಮಲಗುತ್ತೇನೆ.

ಅಚ್ಚನ್ನು ನೋಡು. ಚೀಟಿ ಖಾಲಿ ಬಿಟ್ಟಿದ್ದೇನೆ, ನೀನೇ ತುಂಬಿಸು. ನಾಲಿಗೆಯನ್ನು ಪಾರ್ಸೆಲ್ ಮಾಡಲು ಬರುವುದಿಲ್ಲ, ಆದ್ದರಿಂದ ಎಂಟನೇ ತಾರೀಖು ನಾನೇ ಬರುತ್ತೇನೆ. ನಿನ್ನ ಕುರ್ಚಿಯಲ್ಲಿ ಕೂರುತ್ತೇನೆ. ರೋಗಿಗಳ ಎದುರು ಏನು ಬೇಕಾದರೂ ಅನ್ನು.

ರಾತ್ರಿ ಅಲ್ಲೇ ಮಲಗುತ್ತೇನೆ. ಅತ್ತಿಗೆಯನ್ನು ಕೂರಿಸಬೇಡ, ಅವಳು ಸಾಕಷ್ಟು ಎಣಿಸಿದ್ದಾಳೆ. ನೀನು ಎಣಿಸು.

ತಮ್ಮ